ಊರಂಗಳ: ಪಾರ್ಕಿನ ಮೂಲೆ ಯಾರದು?

ಈ ಸಲ ಬಂದ ಪತ್ರಗಳಲ್ಲಿ ಪಾರ್ಕಿನ ವಿಷಯವೇ ಜಾಸ್ತಿ. ಮೂರನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಬಡಾವಣೆ. ಪಾರ್ಕಿನ ಒಂದು ಮೂಲೆಯಲ್ಲಿ ಸಮುದಾಯ ಭವನ ಕಟ್ಟಬೇಕು ಅಂತ ಕೆಲವರು ಸಹಿ ಹಾಕಿಸಿಕೊಳ್ಳುತ್ತಿದ್ದಾರೆ. ನಾನು ಸಹಿ ಹಾಕಲಿಲ್ಲ. ‘ಒಳ್ಳೆ ಕೆಲಸಕ್ಕೆ ಯಾಕೆ ಅಡ್ಡ ಬರ್ತೀರಾ? ಸುಮ್ನೆ ಖಾಲಿ ಬಿದ್ದಿರೋ ಜಾಗ ಅಲ್ವಾ?’ ಅಂತಾರೆ. ಏನು ಹೇಳಲಿ?
— ನಿವೃತ್ತರೊಬ್ಬರು, ನಾಗರಭಾವಿ

ಉತ್ತರ: ಆ ‘ಖಾಲಿ’ ಅನ್ನೋ ಮಾತನ್ನು ಮಾತ್ರ ಒಪ್ಪಬೇಡಿ ಸರ್. ಒಂದು ವಾರ ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಐದಕ್ಕೆ ಆ ಮೂಲೆಗೆ ಹೋಗಿ ಕೂತುಕೊಳ್ಳಿ. ಯಾರು ಯಾರು ಬರುತ್ತಾರೆ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮಂಡಿ ನೋವಿನ ಅಜ್ಜಿ ಬರುತ್ತಾರೆ. ಊಟದ ಡಬ್ಬಿ ಬಿಚ್ಚಲು ಪೌರಕಾರ್ಮಿಕರು ಬರುತ್ತಾರೆ. ಮನೆಯಲ್ಲಿ ಓದೋಕೆ ಜಾಗವಿಲ್ಲದ ಪಿಯುಸಿ ಹುಡುಗಿ ಬರುತ್ತಾಳೆ. ಭವನ ಕೇಳುವವರಿಗೆ ಆ ಪಟ್ಟಿಯನ್ನು ತೋರಿಸಿ.

ನಾನು ಬೆಳೆದದ್ದು ರಾಜಾಜಿನಗರದಲ್ಲಿ. ಮನೆ ಎದುರಿಗೇ ಪುಟ್ಟ ಪಾರ್ಕಿತ್ತು. ಎರಡು ಹೊಂಗೆ, ಒಂದು ಸಂಪಿಗೆ. ಅಲ್ಲಿಗೆ ಮೊದಲು ಬಂದದ್ದು ಬೋರ್‌ವೆಲ್ಲಿನ ಪಂಪ್‌ಹೌಸ್. ನೀರು ಬೇಕಲ್ಲ, ಯಾರೂ ಬೇಡ ಅನ್ನಲಿಲ್ಲ. ಪೂಜೆಯ ದಿನ ನಮ್ಮಪ್ಪನೇ ತೆಂಗಿನಕಾಯಿ ಒಡೆದರು. ಆಮೇಲೆ ಅದರ ಪಕ್ಕದಲ್ಲಿ ಒಂದು ಕಚೇರಿ. ಕಚೇರಿಗೆ ಬರುವವರ ಸ್ಕೂಟರ್ ನಿಲ್ಲಿಸಲು ಶೀಟಿನ ಶೆಡ್. ಶೆಡ್ಡಿಗೆ ಅಡ್ಡ ಅಂತ ಸಂಪಿಗೆ ಮರ ಹೋಯಿತು. ನಾನು ಕಾಲೇಜು ಮುಗಿಸುವಷ್ಟರಲ್ಲಿ ಉಳಿದಿದ್ದು ಒಂದು ಹೊಂಗೆ, ಎರಡು ಕಲ್ಲು ಬೆಂಚು. ಕೆಟ್ಟ ಕೆಲಸ ಅಂತ ಹೇಳಿಕೊಂಡು ಯಾವುದೂ ಬರಲಿಲ್ಲ. ಅದಕ್ಕೇ ‘ಬರೀ ಒಂದು ಮೂಲೆ’ ಅಂತ ಯಾರಾದರೂ ಅಂದರೆ ನನಗೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ.

ಕಾನೂನು ನಿಮ್ಮ ಕಡೆಗಿದೆ. 1976ರ ಬಿಡಿಎ ಕಾಯ್ದೆ ಪ್ರಕಾರ ಬಡಾವಣೆ ಮಾಡುವಾಗ ಕನಿಷ್ಠ ಶೇ. 15ರಷ್ಟು ಜಾಗ ಪಾರ್ಕು, ಆಟದ ಮೈದಾನಕ್ಕೆ ಬಿಡಬೇಕು. ನಾಗರಿಕ ಸೌಲಭ್ಯಕ್ಕೆ ಇನ್ನೂ ಶೇ. 10. ಇದನ್ನೇ ನಾವು ಸಿಎ ಸೈಟು ಅನ್ನುವುದು. ಭವನ ಬೇಕಾ? ಸಿಎ ಸೈಟಿನಲ್ಲಿ ಕೇಳಲಿ. ಪಾರ್ಕಿನ ಲೆಕ್ಕವೇ ಬೇರೆ. ಪಾರ್ಕಿಗೆ ಬಿಟ್ಟ ಜಾಗವನ್ನು ಬಿಡಿಎ ಮಾರುವ ಹಾಗಿಲ್ಲ, ಮಾರಿದರೂ ಅದು ಊರ್ಜಿತವಲ್ಲ ಅಂತ ಅದೇ ಕಾಯ್ದೆಯ 38ಎ ಕಲಂ ಹೇಳುತ್ತದೆ. ಇದರ ಜೊತೆಗೆ ಪಾರ್ಕು, ಆಟದ ಮೈದಾನ, ಬಯಲು ಜಾಗಗಳನ್ನು ಉಳಿಸಲಿಕ್ಕೆಂದೇ ಮಾಡಿದ 1985ರ ರಾಜ್ಯ ಕಾಯ್ದೆಯೂ ಇದೆ.

ಸದಾಶಿವನಗರದವರ ಕಥೆ ನಿಮಗೆ ಧೈರ್ಯ ಕೊಡಬಹುದು. ಅಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು 1976ರಲ್ಲಿ ಖಾಸಗಿ ನರ್ಸಿಂಗ್ ಹೋಮಿಗೆ ಕೊಡಲು ಸರ್ಕಾರದಿಂದ ಆದೇಶವಾಯಿತು. ಅಕ್ಕಪಕ್ಕದ ನಿವಾಸಿಗಳು ಕೋರ್ಟಿಗೆ ಹೋದರು. ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಕೇಸು ಸುಪ್ರೀಂ ಕೋರ್ಟ್ ತನಕ ಹೋಯಿತು. 1991ರಲ್ಲಿ ಅಲ್ಲೂ ನಿವಾಸಿಗಳೇ ಗೆದ್ದರು. ಆಸ್ಪತ್ರೆ ಒಳ್ಳೆಯದೇ, ಆದರೆ ಅದು ಪಾರ್ಕಿನ ಬದಲಿ ಆಗುವುದಿಲ್ಲ ಅನ್ನುವುದು ಆ ತೀರ್ಪಿನ ತಿರುಳು. ಪಾರ್ಕು ಹೋದರೆ ಕೇಳುವ ಹಕ್ಕು ಆ ಬಡಾವಣೆಯವರಿಗೆ ಇದೆ ಅಂತಲೂ ಕೋರ್ಟು ಒಪ್ಪಿತು. ಬಿ.ಎಸ್. ಮುದ್ದಪ್ಪ ಕೇಸು ಅಂದರೆ ಯಾವ ವಕೀಲರಿಗೂ ಗೊತ್ತಾಗುತ್ತದೆ. ಆಸ್ಪತ್ರೆಗೇ ಸಿಗದ ಜಾಗ ಸಮುದಾಯ ಭವನಕ್ಕೆ ಹೇಗೆ ಸಿಗುತ್ತದೆ ಅಂತ ಕೇಳಿ.

ಈಗ ಮಾಡಬೇಕಾದ್ದು ಇಷ್ಟು. ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ, ಬಡಾವಣೆಯ ಮಂಜೂರಾದ ನಕ್ಷೆಯ ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ನಕ್ಷೆಯಲ್ಲಿ ‘ಪಾರ್ಕ್’ ಅಂತ ಇದ್ದರೆ ಬಿಡಿಎಗೂ ಪಾಲಿಕೆಗೂ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಗುದ್ದಲಿ ಪೂಜೆಗೆ ಮುಂಚೆಯೇ ಕೊಡಿ. ಪೂಜೆ ಆದಮೇಲೆ ಎಲ್ಲರಿಗೂ ಮುಜುಗರ, ಯಾರೂ ಹಿಂದೆ ಸರಿಯುವುದಿಲ್ಲ. ಭವನ ಕೇಳುವವರ ಜೊತೆ ಜಗಳ ಬೇಡ. ಅವರಿಗೂ ನಾಮಕರಣ, ಸೀಮಂತ ಮಾಡಲು ಜಾಗ ಬೇಕು. ಸಿಎ ಸೈಟು ಎಲ್ಲಿದೆ ಅಂತ ಹುಡುಕಲು ಅವರ ಜೊತೆ ನೀವೂ ಓಡಾಡಿ.

ಪ್ರಶ್ನೆ: ಕಬ್ಬನ್ ಪಾರ್ಕಿಗೆ ಎರಡು ಹೆಸರು ಯಾಕೆ? ಅಷ್ಟು ದೊಡ್ಡ ಪಾರ್ಕಿನಲ್ಲಿ ಒಂದೆರಡು ಎಕರೆ ಹೋದರೆ ಏನಾಗುತ್ತದೆ?
— ಕಾಲೇಜು ವಿದ್ಯಾರ್ಥಿ, ವಿಜಯನಗರ

ಉತ್ತರ: ಎರಡಲ್ಲಪ್ಪ, ಮೂರು. 1870ರಲ್ಲಿ ಶುರುವಾದಾಗ ಮೀಡ್ಸ್ ಪಾರ್ಕ್. ಆಮೇಲೆ, ಬ್ರಿಟಿಷರ ಕಾಲದಲ್ಲಿ ಮೈಸೂರು ಸಂಸ್ಥಾನದ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಹೆಸರು ಬಂತು. ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಗೆ 25 ವರ್ಷ ತುಂಬಿದಾಗ, 1927ರಲ್ಲಿ, ಶ್ರೀ ಚಾಮರಾಜೇಂದ್ರ ಉದ್ಯಾನ ಅಂತ ಆಯಿತು. ಜನರ ಬಾಯಲ್ಲಿ ನಿಂತದ್ದು ಮಾತ್ರ ಕಬ್ಬನ್.

ನಿನ್ನ ಎರಡನೇ ಪ್ರಶ್ನೆಗೆ ಬರುತ್ತೇನೆ. ಎಂಜಿನಿಯರ್ ರಿಚರ್ಡ್ ಸ್ಯಾಂಕಿ ರೂಪಿಸಿದಾಗ ಆ ಪಾರ್ಕು ಸುಮಾರು 100 ಎಕರೆ. ಮುಂದೆ ಬೆಳೆದು ಸುಮಾರು 300 ಎಕರೆ ಆಯಿತು. ಲಾಲ್‌ಬಾಗೂ ಹಾಗೆಯೇ. 1760ರಲ್ಲಿ ಹೈದರಾಲಿ ಶುರು ಮಾಡಿದ್ದು ಸಣ್ಣ ತೋಟ, ಈಗ 240 ಎಕರೆ. ಊರು ಚಿಕ್ಕದಾಗಿದ್ದಾಗ ಪಾರ್ಕು ಹಿಗ್ಗಿತು. ಊರು ಇಷ್ಟು ದೊಡ್ಡದಾದಮೇಲೆ ಪಾರ್ಕು ಕುಗ್ಗಬೇಕಾ? ಸರ್ಕಾರಿ ಉದ್ಯಾನಗಳನ್ನು ಮಾರಬಾರದು, ಗುತ್ತಿಗೆಗೆ ಕೊಡಬಾರದು ಅಂತ 1975ರಲ್ಲಿ ಕಾನೂನು ಮಾಡಿದ್ದೇ ಈ ಭಯಕ್ಕೆ.

ಒಂದು ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿಗೆ ಹೋಗು. ಆವತ್ತು ಒಳಗೆ ಗಾಡಿ ಬಿಡುವುದಿಲ್ಲ. ಬ್ಯಾಂಡ್‌ಸ್ಟ್ಯಾಂಡ್ ಕಡೆಯಿಂದ ಹೊರಟು ಬಿದಿರು ಮೆಳೆಯ ತನಕ ನಡಿ. ಹಾಗೇ ಕಂಠೀರವ ಕ್ರೀಡಾಂಗಣದ ಹತ್ತಿರ ಬಾ. ಅಲ್ಲಿ ಸಂಪಂಗಿ ಕೆರೆ ಇತ್ತು. ಈಗ ಉಳಿದಿರುವುದು ಪುಟ್ಟ ಹೊಂಡ. ಕರಗದವರ ಪೂಜೆಗೆ ಬೇಕು ಅನ್ನುವ ಕಾರಣಕ್ಕೆ ಅಷ್ಟಾದರೂ ಉಳಿದಿದೆ. ಅದರ ದಂಡೆಯಲ್ಲಿ ಐದು ನಿಮಿಷ ನಿಂತು, ಒಂದೆರಡು ಎಕರೆಯ ಲೆಕ್ಕ ಮತ್ತೆ ಹಾಕಿ ನೋಡು.

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ನಮ್ಮ ಪಾರ್ಕಿನಲ್ಲಿ ‘ಚೆಂಡಾಟ ನಿಷೇಧ’ ಅಂತ ಬೋರ್ಡು. ಹತ್ತಿರ ಮೈದಾನ ಇಲ್ಲ. ಪಾರ್ಕು ಉಳಿಸಿ ಅಂತೀರಿ, ಮಕ್ಕಳಿಗೆ ಜಾಗವೇ ಇಲ್ಲದ ಪಾರ್ಕು ಯಾಕೆ ಉಳಿಸಬೇಕು?
— ತಾಯಿಯೊಬ್ಬರು, ಜೆ.ಪಿ. ನಗರ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ ಕಣಮ್ಮ. ಮೂವತ್ತು ವರ್ಷ ಪ್ರೈಮರಿ ಮಕ್ಕಳಿಗೆ ಪಾಠ ಮಾಡಿದವಳು ನಾನು. ಮಳೆ ಬಂದು ಆಟದ ಪೀರಿಯಡ್ ತಪ್ಪಿದ ದಿನ ಕೊನೆಯ ಪಾಠ ಒಂದಕ್ಷರ ತಲೆಗೆ ಹೋಗುತ್ತಿರಲಿಲ್ಲ. ದಿನಾ ಹಾಗೇ ಆದರೆ ಆ ಮಗುವಿನ ಗತಿ ಏನು?

ಇನ್ನೊಂದು ಮಾತೂ ಇದೆ. ಪಾರ್ಕಿನಲ್ಲಿ ಆಡಿ ಬೆಳೆದ ಮಗುವೇ ನಾಳೆ ಅದಕ್ಕೆ ಏನಾದರೂ ಆದರೆ ಕೇಳುವುದು. ನಾನು ಈ ಅಂಕಣ ಬರೆಯುತ್ತಿರುವುದೇ ಆ ಸಂಪಿಗೆ ಮರದ ಕೆಳಗೆ ಕುಂಟೆಬಿಲ್ಲೆ ಆಡಿದ್ದಕ್ಕೆ.

ಹಾಗಂತ ಚೆಂಡಾಟ ಬೇಡ ಅನ್ನುವ ಹಿರಿಯರನ್ನು ಬೈಯಬೇಡಿ. ಚೆಂಡು ತಗುಲಿ ಬಿದ್ದರೆ ಈ ವಯಸ್ಸಿನಲ್ಲಿ ಸೊಂಟದ ಮೂಳೆ ಕೂಡುವುದು ಕಷ್ಟ. ಆ ಭಯ ನನಗೂ ಇದೆ. ವಾಕಿಂಗ್ ಗುಂಪಿನವರ ಹತ್ತಿರ ಮಗನನ್ನೇ ಕರೆದುಕೊಂಡು ಹೋಗಿ, ಅವನೇ ಕೇಳಲಿ. ಬಿರುಸು ಚೆಂಡು ಬೇಡ, ಮೆತ್ತನೆಯದು ಸಾಕು. ನಡೆಯುವ ದಾರಿಯಿಂದ ದೂರದ ಒಂದು ಭಾಗ, ಸಂಜೆ ನಾಲ್ಕರಿಂದ ಐದೂವರೆ. ಅವರು ವಾಕಿಂಗಿಗೆ ಬರುವಷ್ಟರಲ್ಲಿ ಹುಡುಗರು ಮನೆ ಸೇರಿರುತ್ತಾರೆ. ಅವರು ಒಪ್ಪಿದರೆ ಎಲ್ಲರ ಸಹಿ ಹಾಕಿಸಿ ಪಾಲಿಕೆಗೆ ಅರ್ಜಿ ಕೊಡಿ, ಬೋರ್ಡಿನಲ್ಲಿ ‘ನಿಷೇಧ’ ಅಳಿಸಿ ಸಮಯ ಬರೆಸಿ ಅಂತ. ಆ ಅರ್ಜಿಯಲ್ಲಿ ಮೊದಲ ಸಹಿ ಒಬ್ಬ ಅಜ್ಜನದೋ ಅಜ್ಜಿಯದೋ ಇರಲಿ.