ವಾಟರ್ ಕೂಲಿಂಗ್ ಫಿಟಿಂಗ್‌ಗೆ ಟೆಫ್ಲಾನ್ ಟೇಪ್ ಸುತ್ತಬೇಕಾ?

ಕಂಪ್ಯೂಟರಿನ ಸಿಪಿಯು ಬ್ಲಾಕ್‌ನಲ್ಲಿ (ಪ್ರೊಸೆಸರ್ ಮೇಲೆ ಕೂತು, ಒಳಗೆ ನೀರು ಹರಿಸಿ ಅದನ್ನು ತಣ್ಣಗಿಡುವ ತುಂಡು) ಟ್ಯೂಬ್ ಜೋಡಿಸುವ ಫಿಟಿಂಗ್ ಹತ್ತಿರ ಹನಿ ನೀರು ಕಾಣ್ತಿದೆ, ನಲ್ಲಿಗೆ ಸುತ್ತುವ ಹಾಗೆ ಟೆಫ್ಲಾನ್ ಟೇಪ್ ಸುತ್ತಿ ಸ್ಪ್ಯಾನರ್‌ನಿಂದ ಬಿಗಿ ಮಾಡಲೇ ಅಂತ ಕೇಳಿದ್ದೀರಿ. ಎರಡೂ ಬೇಡ.

ಮನೆಯ ಪೈಪಿನಲ್ಲಿ ನೀರು ತಡೆಯುವುದು ತಿರುಪಿನ ಥ್ರೆಡ್, ಅದಕ್ಕೇ ಟೇಪ್. ಇಲ್ಲಿರುವುದು ಜಿ 1/4 ಅನ್ನುವ ಅಳತೆಯ ಥ್ರೆಡ್. ಅದು ನೇರ, ಮುಂದೆ ಹೋದಂತೆ ಬಿಗಿಯಾಗುವುದಿಲ್ಲ. ಅದರ ಕೆಲಸ ಫಿಟಿಂಗನ್ನು ಹಿಡಿದಿಡುವುದು ಅಷ್ಟೇ. ನೀರು ತಡೆಯುವುದು ಬುಡದಲ್ಲಿರುವ ರಬ್ಬರ್ ಓ-ರಿಂಗ್. ಕುಕ್ಕರ್ ಸೋರಿದರೆ ಗ್ಯಾಸ್ಕೆಟ್ ನೋಡ್ತೀವಿ, ಮುಚ್ಚಳಕ್ಕೆ ಟೇಪ್ ಸುತ್ತಲ್ಲ ಅಲ್ವಾ? ಮೇಲಾಗಿ ಟೇಪಿನ ಚೂರು ಕಿತ್ತು ಬಂದರೆ ಬ್ಲಾಕಿನ ಕೂದಲೆಳೆಯಂಥ ಸಂದುಗಳಲ್ಲಿ ಸಿಕ್ಕಿಕೊಳ್ಳುತ್ತದೆ.

ಸ್ಪ್ಯಾನರ್ ಪಾಠ ನಾನು ದುಡ್ಡು ಕೊಟ್ಟು ಕಲಿತೆ. ಮೊದಲ ಸಲ, ಇಲ್ಲೇ ಕಲಬುರಗಿಯ ನಮ್ಮ ಮನೆಯಲ್ಲಿ, ಅಕ್ರಿಲಿಕ್ ರಿಸರ್ವಾಯರ್‌ಗೆ (ನೀರು ತುಂಬಿಡುವ ಪ್ಲಾಸ್ಟಿಕ್ ಡಬ್ಬಿ) ಫಿಟಿಂಗ್ ಹಾಕುವಾಗ "ಇನ್ನೊಂದು ಚೂರು" ಅಂತ ತಿರುಗಿಸಿದೆ. ಟಿಕ್ ಅಂದಿತು. ತೂತಿನ ಸುತ್ತ ಜೇಡರ ಬಲೆ ಥರ ಬಿರುಕು. ಈಗ ಬೆರಳಿನಿಂದಲೇ ತಿರುಗಿಸುತ್ತೇನೆ. ಓ-ರಿಂಗ್ ಒತ್ತಿಕೊಂಡು ಲೋಹ ಬುಡಕ್ಕೆ ತಾಗಿತೋ, ಅಲ್ಲಿಗೆ ಸಾಕು.

ನೀರು ಖಾಲಿ ಮಾಡಿ ಆ ಫಿಟಿಂಗ್ ಬಿಚ್ಚಿ ನೋಡಿ. ರಿಂಗ್ ತನ್ನ ತೋಡಿನಲ್ಲಿ ಕೂತಿದೆಯಾ, ಕತ್ತರಿಸಿಹೋಗಿದೆಯಾ, ಧೂಳು ಮೆತ್ತಿದೆಯಾ? ನಮ್ಮೂರಿನ ಧೂಳು ನಿಮಗೆ ಗೊತ್ತೇ ಇದೆ, ಒಂದು ಕಣ ಸಾಕು ಹನಿ ಬರಲು. ಒರೆಸಿ, ಒಂದು ಹನಿ ಡಿಸ್ಟಿಲ್ಡ್ ವಾಟರ್ ಸವರಿ ಮತ್ತೆ ಹಾಕಿ. ವ್ಯಾಸಲೀನ್ ಹಚ್ಚಬೇಡಿ, ಕೆಲವು ರಬ್ಬರ್ ಅದಕ್ಕೆ ಉಬ್ಬಿಬಿಡುತ್ತದೆ.

ಟ್ಯೂಬ್ ಕಡೆಯಿಂದ ಸೋರುತ್ತಿದ್ದರೆ ಕಥೆ ಬೇರೆ. ಮೊದಲು ಅಳತೆ ನೋಡಿ. 10/16 ಟ್ಯೂಬ್ ಅಂದರೆ ಒಳಗೆ 10 ಮಿ.ಮೀ., ಹೊರಗೆ 16. 10/13ರ ಫಿಟಿಂಗ್ ಅದಕ್ಕೆ ಆಗಲ್ಲ. ತುದಿ ಓರೆಯಾಗದಂತೆ ಹೊಸ ಬ್ಲೇಡಿನಿಂದ ಕತ್ತರಿಸಿ, ಬುಡ ಮುಟ್ಟುವವರೆಗೆ ತಳ್ಳಿ, ಆಮೇಲೆ ಕಾಲರ್ (ಟ್ಯೂಬನ್ನು ಹೊರಗಿನಿಂದ ಹಿಡಿಯುವ ಬಳೆ) ತಿರುಗಿಸಿ. ಟ್ಯೂಬ್ ಗಟ್ಟಿ ಅನಿಸಿದರೆ ತುದಿಯನ್ನು ಬಿಸಿನೀರಿನಲ್ಲಿ ಅದ್ದುತ್ತಾರೆ. ನಮ್ಮ ಮೇ ತಿಂಗಳಲ್ಲಿ ಸುಮ್ನೆ ಮಾಳಿಗೆ ಮೇಲೆ ಹತ್ತು ನಿಮಿಷ ಇಟ್ಟರೂ ಆಯಿತು! ಕಾಲರ್ ಜೊತೆ ಟ್ಯೂಬ್ ತಿರುಚಿಕೊಳ್ಳದಂತೆ ಇನ್ನೊಂದು ಕೈಯಲ್ಲಿ ಹಿಡಿದಿರಿ. ತಿರುಚಿದ ಟ್ಯೂಬ್ ನೆಟ್ಟಗಾಗಲು ಹೋಗಿ ಫಿಟಿಂಗನ್ನೇ ನಿಧಾನಕ್ಕೆ ಸಡಿಲ ಮಾಡುತ್ತದೆ. ಎರಡು ದಿನ ಚೆನ್ನಾಗಿದ್ದು ಮೂರನೇ ದಿನ ಹನಿ ಶುರುವಾದರೆ ಮೊದಲು ಇದರ ಮೇಲೇ ಅನುಮಾನ ಪಡಿ.

ನೀರು ತುಂಬುವ ಮೊದಲು ಗಾಳಿ ಪರೀಕ್ಷೆ ಮಾಡಿ. ಮೀಟರ್ ಇರುವ ಕೈಪಂಪಿನಿಂದ 0.5 ಬಾರ್ ಒತ್ತಡಕ್ಕೆ ಗಾಳಿ ತುಂಬಿ ಅರ್ಧ ಗಂಟೆ ಬಿಡಿ, ಮುಳ್ಳು ಇಳಿಯಬಾರದು. ಆ ಹೊತ್ತಿಗೆ ಎಸಿ ಹಾಕಬೇಡಿ. ಗಾಳಿ ತಣ್ಣಗಾದರೂ ಮುಳ್ಳು ಚೂರು ಇಳಿಯುತ್ತದೆ, ಸೋರುತ್ತಿದೆ ಅಂತ ನೀವು ಸುಮ್ನೆ ಎಲ್ಲ ಬಿಚ್ಚುತ್ತೀರಿ.

ತುಂಬುವುದು ಡಿಸ್ಟಿಲ್ಡ್ ವಾಟರ್ ಅಥವಾ ಕೂಲಂಟ್ (ಇದಕ್ಕೆಂದೇ ಸಿಗುವ ದ್ರವ) ಮಾತ್ರ. ಬೋರ್ ನೀರು ಬಕೆಟ್ಟಿಗೆ ಬಿಳಿ ಕಲೆ ಹಿಡಿಸುವುದು ನೋಡಿದ್ದೀರಲ್ಲ, ಬ್ಲಾಕಿನೊಳಗೂ ಅದೇ ಆಗುತ್ತದೆ. ಆಮೇಲೆ ಮದರ್‌ಬೋರ್ಡಿಗೆ ಕರೆಂಟ್ ಕೊಡದೆ ಪಂಪ್ ಒಂದನ್ನೇ ಓಡಿಸಿ, ಪ್ರತಿ ಫಿಟಿಂಗ್ ಕೆಳಗೆ ಟಿಶ್ಯೂ ಇಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಟಿಶ್ಯೂ ಒದ್ದೆಯಾಗದೆ ಇದ್ದರೆ ಉಳಿದ ವೈರ್ ಜೋಡಿಸಿ.