ಬಟ್ಟೆ ಮೂಟೆ ಬೇಡ, ತಿಂಗಳಿಗಿಷ್ಟು ಅಂತ ಹಾಕಿ

ಕುಡಿತ ಬಿಡಲು ಬರುವ ತಾಯಂದಿರನ್ನು ಮಕ್ಕಳ ಜೊತೆಗೇ ಇರಿಸಿಕೊಳ್ಳುವ ಸಂಸ್ಥೆಗೆ ಹಳೇ ಬಟ್ಟೆ ಕೊಡಲೋ ದುಡ್ಡು ಕೊಡಲೋ ಅಂತ ಕೇಳಿದ್ದೀರಿ. ದುಡ್ಡೇ ಕೊಡಿ. ಐನೂರಾದರೂ ಪರವಾಗಿಲ್ಲ, ತಿಂಗಳು ತಿಂಗಳು ಹಾಕಿ. ಇಲ್ಲೇ ಬೆಂಗಳೂರಲ್ಲಿ ನಾನು ಹೋಗುತ್ತಿದ್ದ ಒಂದು ಕಡೆ ದೀಪಾವಳಿ ಬಂತೆಂದರೆ ಸ್ವೀಟ್ ಬಾಕ್ಸ್, ಸೀರೆ ಗಂಟು ರಾಶಿ ಬೀಳುತ್ತಿತ್ತು, ಜನವರಿಗೆ ಹಾಲಿನವನ ಬಾಕಿ ತೀರಿಸಲು ಕಾಸಿರುತ್ತಿರಲಿಲ್ಲ.

ಮಕ್ಕಳನ್ನು ಯಾಕೆ ಜೊತೆಗೆ ಇಟ್ಟುಕೊಳ್ಳಬೇಕು ಅಂತಲೂ ಕೇಳಿದ್ದೀರಲ್ವಾ? ಅಲ್ಲಿ ಒಬ್ಬ ತಾಯಿ, ಮಗಳು ನಿದ್ದೆ ಹೋದ ಮೇಲೂ ಅವಳ ಫ್ರಾಕಿನ ತುದಿ ಹಿಡಿದುಕೊಂಡೇ ಕೂತಿರುತ್ತಿದ್ದರು. ಮಗುವನ್ನು ಯಾರ ಹತ್ತಿರ ಬಿಡಲಿ ಅನ್ನೋ ಚಿಂತೆಗೇ ಹಿಂದೆ ಎರಡು ಸಲ ಬೇರೆ ಆಸ್ಪತ್ರೆಯಿಂದ ಅರ್ಧಕ್ಕೆ ಎದ್ದು ಬಂದವರು ಅವರು.

ಕೊಡುವ ಮೊದಲು ಒಂದು ಸಲ ಹೋಗಿ ನೋಡಿ. ಡಾಕ್ಟರ್ ಯಾರು, ರಾತ್ರಿ ಏನಾದರೂ ಆದರೆ ಎಲ್ಲಿಗೆ ಕರೆದುಕೊಂಡು ಹೋಗುತ್ತಾರೆ ಅಂತ ಕೇಳಿ. ತುಂಬಾ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಆದ್ದರಿಂದ ಸುಮ್ನೆ ಬಾಗಿಲು ಹಾಕಿ ಕೂರಿಸುವ ಜಾಗಕ್ಕೆ ನಾನಂತೂ ಒಂದು ಪೈಸೆ ಕೊಡಲ್ಲ. ಮಕ್ಕಳ ಫೋಟೋ ಕೇಳಬೇಡಿ. ಸಂಸ್ಥೆಯವರೇ ಕಳಿಸಿದರೆ ಅನುಮಾನ ಪಡಿ!

ತೆರಿಗೆ ವಿಷಯ: ಸಂಸ್ಥೆಗೆ ದಾನದ ತೆರಿಗೆ ವಿನಾಯಿತಿಯ ನೋಂದಣಿ (80ಜಿ ಅಂತಾರಲ್ಲ, ಅದು) ಇದ್ದರೂ 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ವಿನಾಯಿತಿ ಸಿಗಲ್ಲ, ಬ್ಯಾಂಕ್ ಮೂಲಕವೇ ಹಾಕಿ. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಹೇಗೂ ಇಲ್ಲ ಬಿಡಿ.

ಪಕ್ಕದ ಮನೆಯ ಅಕ್ಕನ ಕುಡಿತದ ವಿಷಯ ಬರೆದಿದ್ದೀರಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗ ಇದೆ. 14446ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ, ಅದು ಸರ್ಕಾರದ ಸಹಾಯವಾಣಿ.