ಅಕ್ಕೋರೇ, ಒಂದು ಪ್ರಶ್ನೆ: ಎರೆ ಹೊಲಕ್ಕೆ ಇಳಿದ ರೋಬೋ

ಹೋದ ಸಂಚಿಕೆಯಲ್ಲಿ ನಿಮಗೊಂದು ಕೆಲಸ ಹಚ್ಚಿದ್ದೆ. ಬೇರೆ ಲೋಕದ ದೈತ್ಯ ರೋಬೋಗಳು ಬಂದು ಭೂಮಿಯನ್ನೆಲ್ಲ ಹಿಡಿದಿವೆ. ಅಲ್ಲಲ್ಲಿ ಒಂದಷ್ಟು ಜನ ಉಳಿದಿದ್ದಾರೆ, ಸೋಲೊಪ್ಪದೆ ಹೆಣಗುತ್ತಿದ್ದಾರೆ. ಇದನ್ನಿಟ್ಟುಕೊಂಡು ಒಂದು ಕತೆ ಬರೆಯಿರಿ, ಎಲ್ಲಿ ತೊಡಕಾಯಿತೋ ಅದನ್ನು ನನಗೆ ಕೇಳಿ ಅಂದಿದ್ದೆ. ಪತ್ರಗಳನ್ನು ಓದಿ ಬಹಳ ಖುಷಿಯಾಯಿತು. ಒಂದು ಬೇಜಾರೂ ಆಯಿತು. ಹೆಚ್ಚಿನ ಕತೆಗಳಲ್ಲಿ ರೋಬೋ ಇಳಿಯುವುದು ನ್ಯೂಯಾರ್ಕಿನಲ್ಲಿ, ಇಲ್ಲವೇ ಬೆಂಗಳೂರಿನಲ್ಲಿ. ಭೂಮಿಯನ್ನೆಲ್ಲ ಗೆದ್ದವು ಅಂದಮೇಲೆ ಕಲಬುರಗಿ, ಬೀದರ್, ಯಾದಗಿರಿಗೂ ಬಂದಿರಬೇಕಲ್ವಾ? ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು. ನನಗೆ ಗೊತ್ತಿರುವ ನೆಲ ಇದೇ. ಹಾಗಾಗಿ ಇವತ್ತಿನ ಉತ್ತರಗಳೆಲ್ಲ ಈ ನೆಲದ ಮೇಲೆ ನಿಂತೇ.

ಅಕ್ಕೋರೇ, ನನ್ನ ಕತೆಯಲ್ಲಿ ರೋಬೋ 300 ಅಡಿ ಎತ್ತರ ಇದೆ. ಗೆಳೆಯರು ಇನ್ನೂ ದೊಡ್ಡದು ಮಾಡು ಅಂತಾರೆ. ಎಷ್ಟು ದೊಡ್ಡದು ಮಾಡಬಹುದು?
*ಪಿಯುಸಿ ವಿದ್ಯಾರ್ಥಿ, ಚಿಂಚೋಳಿ*

ತಮ್ಮಾ, ದೊಡ್ಡದು ಮಾಡಬೇಡ, ಸಣ್ಣದು ಮಾಡು. ಯಾಕೆ ಅಂತ ಲೆಕ್ಕ ಹಾಕೋಣ.

ಐದು ಅಡಿಯ, 50 ಕಿಲೋ ತೂಕದ ಮನುಷ್ಯನನ್ನು 300 ಅಡಿಗೆ ಬೆಳೆಸಿದೆ ಅಂದುಕೋ. ಎತ್ತರ 60 ಪಟ್ಟು ಆಯಿತು. ಅಗಲ, ದಪ್ಪ ಕೂಡ 60 ಪಟ್ಟು ಆಗಬೇಕು. ಅಂದರೆ ತೂಕ 60 ಸಲ 60 ಸಲ 60, ಒಟ್ಟು 2,16,000 ಪಟ್ಟು. 50 ಕಿಲೋ ಹೋಗಿ 10,800 ಟನ್ ಆಯಿತು. ಲೋಡಾದ ಒಂದು ಲಾರಿ 18 ಟನ್ ಅಂತ ಹಿಡಿದರೆ 600 ಲಾರಿಗಳ ಭಾರ. ಇದು ನಮ್ಮಂಥ ಮೈಯ ಲೆಕ್ಕ. ಕಬ್ಬಿಣದ್ದಾದರೆ ಇನ್ನೂ ಜಾಸ್ತಿ. ಆದರೆ ಅಂಗಾಲಿನ ವಿಸ್ತೀರ್ಣ ಬೆಳೆದದ್ದು 60 ಸಲ 60, ಅಂದರೆ 3,600 ಪಟ್ಟು ಅಷ್ಟೇ. ಹಾಗಾಗಿ ಅಂಗಾಲಿನ ಒಂದೊಂದು ಇಂಚಿನ ಮೇಲೂ ನಮಗಿಂತ 60 ಪಟ್ಟು ಭಾರ ಬೀಳುತ್ತದೆ. ದೊಡ್ಡ ಪ್ರಾಣಿಗೆ ಸಣ್ಣ ಪ್ರಾಣಿಯ ಆಕಾರದ ಎಲುಬು ಸಾಲದು, ಅದು ದಪ್ಪ ಆಗಲೇಬೇಕು ಅಂತ ಗೆಲಿಲಿಯೋ 1638ರಲ್ಲೇ ಎಲುಬಿನ ಚಿತ್ರ ಬರೆದು ತೋರಿಸಿದ್ದ. ಆನೆಯ ಕಾಲು ಕಂಬದ ಹಾಗಿರುವುದು, ಜಿಂಕೆಯ ಕಾಲಿನ ಹಾಗಿಲ್ಲದಿರುವುದು ಅದಕ್ಕೇ.

ಈಗ ಈ ರೋಬೋವನ್ನು ಹಸ್ತ ಮಳೆ ಹಿಡಿದಾಗ ನಮ್ಮ ಎರೆ ಹೊಲಕ್ಕೆ ಇಳಿಸು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಸ್ಸು ಇಳಿದು ಶಾಲೆಗೆ ಒಂದೂವರೆ ಕಿಲೋಮೀಟರ್ ಹೊಲದ ಬದುವಿನ ಮೇಲೆ ನಡೆಯಬೇಕಿತ್ತು. ಮಳೆ ಬಂದ ದಿನ ಹತ್ತು ಹೆಜ್ಜೆಗೆ ಚಪ್ಪಲಿಗೆ ಮಣ್ಣು ಹತ್ತಿ ಒಂದೊಂದು ಕಾಲು ಒಂದೊಂದು ಕಿಲೋ ಆಗುತ್ತಿತ್ತು. ಇಪ್ಪತ್ತು ಹೆಜ್ಜೆಗೆ ಚಪ್ಪಲಿ ಅಲ್ಲೇ ಉಳಿದು ಬರೀ ಕಾಲು ಮೇಲೆ ಬರುತ್ತಿತ್ತು. ಒಂದು ಸಲ ತೊಗರಿ ಹೊಲದಲ್ಲಿ ಹೂತ ಟ್ರ್ಯಾಕ್ಟರ್ ಎಳೆಯಲು ಇನ್ನೊಂದು ಟ್ರ್ಯಾಕ್ಟರ್ ತಂದರು, ಅದೂ ಹೂತಿತು. ಎರಡೂ ನಾಲ್ಕು ದಿನ ಅಲ್ಲೇ ನಿಂತಿದ್ದವು. ಇನ್ನು 10,800 ಟನ್ನಿನ ಕಾಲು ಏನಾದೀತು ನೀನೇ ಯೋಚಿಸು.

ಮತ್ತೆ ಅದೇ ರೋಬೋ ಶಹಾಬಾದಿನ ಫರ್ಸಿ ಕಲ್ಲಿನ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಎರೆ ಮಣ್ಣೂ ಕಲ್ಲಿನ ಹಾಗೇ ಗಟ್ಟಿ, ಕೈ ಹೋಗುವಷ್ಟು ಬಿರುಕು ಬೇರೆ. ಹಾಗಾದರೆ ನಿನ್ನ ಕತೆಯ ಜನ ಏನು ಮಾಡಬೇಕು? ಮಳೆಗಾಲದ ತನಕ ಜೀವ ಹಿಡಿದುಕೊಂಡು ಕಾಯಬೇಕು. ಮಳೆ ಬಂದ ಮೇಲೆ ರೋಬೋವನ್ನು ಕಲ್ಲಿನಿಂದ ಕೆಸರಿಗೆ ಎಳೆದು ತರಬೇಕು. ಯಾರು ಎಳೆಯುವವರು? ಅದರ ಮುಂದೆ ಓಡುವ ಧೈರ್ಯ ಯಾರಿಗಿದೆ? ನಿನ್ನ ಕತೆ ಅಲ್ಲಿದೆ.

ಬಿಸಿಲನ್ನೂ ಮರೆಯಬೇಡ. ಕೆಲಸ ಮಾಡುವ ಯಂತ್ರ ಕಾಯುತ್ತದೆ, ಕಾವು ಹೊರಗೆ ಹೋಗುವುದು ಮೈಮೇಲಿನಿಂದ. ಹೊರಮೈ ಬೆಳೆಯುವುದು 3,600 ಪಟ್ಟು, ಒಳಗಿನ ಯಂತ್ರ 2,16,000 ಪಟ್ಟು. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 43 ಡಿಗ್ರಿ ಇದ್ದಾಗ ಮಟಮಟ ಮಧ್ಯಾಹ್ನ ಅದು ನಡೆಯಲಾರದೆ ನಿಂತುಬಿಡಬಹುದು. ಆಗ ನಿನ್ನ ಜನರಿಗೆ ನೀರು ತರಲು ಸಿಗುವ ಹೊತ್ತು ಅದೇ, ಮನುಷ್ಯರೂ ಹೊರಗೆ ಬರಲು ಹೆದರುವ ಹೊತ್ತು.

ನನ್ನ ಮಾತು ಕೇಳಿದರೆ 40 ಅಡಿ ಮಾಡು, ಆರು ಕಾಲು ಕೊಡು. ನಮ್ಮೂರ ಬೇವಿನ ಮರದ ಎತ್ತರ ಅಷ್ಟೇ. ಅಂಗಳದ ಬೇವಿನ ಮರ ಎದ್ದು ನಡೆದರೆ ಜನರಿಗೆ 300 ಅಡಿಗಿಂತ ಜಾಸ್ತಿ ಭಯ ಆಗುತ್ತದೆ.

ಮೇಡಂ, ಉಳಿದವರನ್ನು ಬೀದರ್ ಕೋಟೆಯೊಳಗೆ ಅಡಗಿಸಿದ್ದೇನೆ. ಗೋಡೆಗಳು ದಪ್ಪ ಇವೆ. ಸರಿಯೇ?
*ಡಿಗ್ರಿ ವಿದ್ಯಾರ್ಥಿನಿ, ಬೀದರ್*

ಕೋಟೆ ಬೇಡ ತಂಗಿ. ಕೋಟೆ ಕಟ್ಟಿದ್ದು ಕುದುರೆ, ಆನೆ, ತೋಪುಗಳಿಗೆ. ಮೇಲಿನಿಂದ ಬರುವವರಿಗೆ ಅದು ಮುಚ್ಚಳ ಇಲ್ಲದ ಡಬ್ಬಿ. ನಿಮ್ಮೂರಿನ ಮಹಮೂದ್ ಗವಾನ್ ಮದರಸಾ ನೋಡಿದ್ದೀಯಲ್ಲ? 1472ರಲ್ಲಿ ಕಟ್ಟಿದ ಅಷ್ಟು ಗಟ್ಟಿ ಕಟ್ಟಡ. 1696ರಲ್ಲಿ ಮದ್ದು ಸಿಡಿದು ಮುಂಭಾಗದಲ್ಲಿ ಒಂದು ಮಿನಾರು ಹೋಯಿತು. ಉಳಿದ ಮಿನಾರಿನ ನೀಲಿ ಹೆಂಚುಗಳನ್ನು ನೋಡಿದಾಗಲೆಲ್ಲ ನನಗೆ ಹೋದದ್ದರ ನೆನಪಾಗಿ ಹೊಟ್ಟೆ ಉರಿಯುತ್ತದೆ.

ಅಡಗಲು ನೌಬಾದಿಗೆ ಕರೆದುಕೊಂಡು ಹೋಗು. ಅಲ್ಲಿ ಕರೇಜ್ ಇದೆ, ಬಹಮನಿ ಕಾಲದ ಸುರಂಗ ಬಾವಿ. ಬೀದರ್ ನಿಂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಅದು ತೂತು ತೂತಾದ ಕಲ್ಲು, ಮಳೆ ನೀರು ಇಳಿಯುತ್ತದೆ. ಅದರ ಕೆಳಗೆ ಗಟ್ಟಿ ಕರಿಕಲ್ಲು, ಅಲ್ಲಿ ನೀರು ನಿಲ್ಲುತ್ತದೆ. ಆ ನೀರನ್ನು ಇಳಿಜಾರಿನಲ್ಲಿ ತಾನೇ ಹರಿಯುವ ಹಾಗೆ ನೆಲದೊಳಗೆ ಸುರಂಗ ಕೊರೆದು ಊರಿಗೆ ತಂದರು. ಪರ್ಷಿಯಾ ಕಡೆಯ ವಿದ್ಯೆ ಅದು. ಕರೆಂಟ್ ಇಲ್ಲ, ಪಂಪ್ ಇಲ್ಲ. ಅಲ್ಲಲ್ಲಿ ಮೇಲಿನಿಂದ ಬಾವಿಯ ಹಾಗೆ ಇಳಿಸಿದ ಕಿಂಡಿಗಳಿವೆ, ಗಾಳಿಗೆ ಮತ್ತು ಹೂಳು ತೆಗೆಯಲು. ಉಳಿದವರಿಗೆ ಬೇಕಾದ್ದು ಮೂರು: ನೀರು, ನೆರಳು, ಗಾಳಿ. ಮೂರೂ ಅಲ್ಲಿವೆ.

ಗಾಳಿಯ ಮಾತು ಸುಮ್ನೆ ಹೇಳಲಿಲ್ಲ. ಆಳಂದದ ಒಬ್ಬ ಓದುಗರು ತಮ್ಮ ಕತೆಯ ಜನರನ್ನೆಲ್ಲ ಹಗೇವಿನಲ್ಲಿ, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿಯಲ್ಲಿ, ಮುಚ್ಚಿಟ್ಟಿದ್ದಾರೆ, ಓದಿ ಎದೆ ಧಸಕ್ ಅಂದಿತು. ಕಾಗಿಣಾ ದಂಡೆಯ ನನ್ನ ತವರುಮನೆಯ ಅಂಗಳದಲ್ಲಿ ಒಂದು ಹಗೇವು ಇತ್ತು. ಒಳಗೆ ಸುತ್ತ ಕಣಕಿ ಹಾಸಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮಳೆ ಕೈಕೊಟ್ಟ ವರ್ಷವೇ ಅದನ್ನು ತೆಗೆಯುವುದು. ನನಗೆ ಏಳು ವರ್ಷ ಇದ್ದಾಗ ತೆಗೆದರು. ಕಲ್ಲು ಸರಿಸಿದೊಡನೆ ಬಿಸಿಯಾದ ಹುಳಿ ವಾಸನೆ ಮುಖಕ್ಕೆ ಬಡಿಯಿತು. ನಾನು ಬಗ್ಗಿ ನೋಡಲು ಹೋದೆ. ಅಜ್ಜ ರಟ್ಟೆ ಹಿಡಿದು ಎಂಥ ಜೋರಿನಿಂದ ಹಿಂದೆ ಎಳೆದರು ಅಂದರೆ ಬಳೆ ಒಡೆಯಿತು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿದರು. ಅರ್ಧಕ್ಕೆ ಹೋಗುವಷ್ಟರಲ್ಲಿ ದೀಪ ಸಣ್ಣದಾಯಿತು, ಇನ್ನೊಂದು ಮೊಳ ಇಳಿದಾಗ ಆರಿತು. ಜೋಳವೂ ಉಸಿರಾಡುತ್ತದೆ, ಒಳಗಿನ ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹುಳ ಸಾಯುವುದು ಅದರಿಂದಲೇ, ಇಳಿದ ಮನುಷ್ಯ ಸಾಯುವುದೂ ಅದರಿಂದಲೇ. ಒಂದು ದಿನವೆಲ್ಲ ಬಾಯಿ ತೆರೆದಿಟ್ಟು, ಮರುದಿನ ಕಂದೀಲು ತಳ ಮುಟ್ಟಿದರೂ ಆರಲಿಲ್ಲ ಅಂದಮೇಲೆ ಅಜ್ಜ ಇಳಿದರು.

ಹಗೇವಿನಲ್ಲಿ ಕಾಳು ಇರಲಿ, ಜನ ಕರೇಜಿನಲ್ಲಿ ಇರಲಿ. ಕತೆಯಲ್ಲಿ ಆ ಕಂದೀಲು ಬಂದರೆ ನನಗೆ ತುಂಬಾ ಸಂತೋಷ.

ಅವು ನಮ್ಮ ನೀರಿಗಾಗಿ ಬಂದವು ಅಂತ ಬರೆದಿದ್ದೇನೆ. ಒಪ್ಪುತ್ತೀರಾ?
*ಯುವ ಕತೆಗಾರ, ಯಾದಗಿರಿ*

ಇಲ್ಲ. ಶನಿಯ ಬಳೆಗಳು ಹೆಚ್ಚಾಗಿ ನೀರಿನ ಮಂಜುಗಡ್ಡೆಯೇ. ಗುರುಗ್ರಹದ ಚಂದ್ರ ಯುರೋಪಾದಲ್ಲಿ ನಮ್ಮ ಸಮುದ್ರಗಳಿಗಿಂತ ಜಾಸ್ತಿ ನೀರಿದೆ ಅಂತ ವಿಜ್ಞಾನಿಗಳ ಅಂದಾಜು. ಅಷ್ಟನ್ನು ಬಿಟ್ಟು ಭೀಮೆಯ ನೀರಿಗೆ ಯಾರೂ ಬರುವುದಿಲ್ಲ. ಬೇರೆ ಕಾರಣ ಹುಡುಕಿ. ಒಂದು ದಾರಿ ಹೇಳುತ್ತೇನೆ. ರೋಬೋ ಅನ್ನುವ ಹೆಸರು ಬಂದದ್ದು 1920ರಲ್ಲಿ ಜೆಕ್ ಲೇಖಕ ಕಾರೆಲ್ ಚಾಪೆಕ್ ಬರೆದ ನಾಟಕದಿಂದ. ಅವರ ಭಾಷೆಯಲ್ಲಿ ‘ರೊಬೊತಾ’ ಅಂದರೆ ಧಣಿಯ ಹೊಲದಲ್ಲಿ ಮಾಡುವ ಬಿಟ್ಟಿ ಚಾಕರಿ. ನಿಜಾಮರ ಕಾಲದಲ್ಲಿ ನಮ್ಮ ಹಿರಿಯರು ಮಾಡಿದ ಬಿಟ್ಟಿ ಬೇಗಾರಿ ನಿಮ್ಮ ಮನೆಯ ಮುದುಕರಿಗೆ ಗೊತ್ತಿರುತ್ತದೆ, ಕೇಳಿ. ಈ ರೋಬೋಗಳು ಯಾರ ಬಿಟ್ಟಿ ಆಳುಗಳು? ಅವುಗಳ ಧಣಿ ಎಲ್ಲಿದ್ದಾನೆ? ಅದು ನೀರಿಗಿಂತ ದೊಡ್ಡ ಪ್ರಶ್ನೆ.

ಮೊಬೈಲ್ ಟವರ್ ಎಲ್ಲ ಬಿದ್ದಿವೆ. ಊರಿಂದ ಊರಿಗೆ ಸುದ್ದಿ ಹೇಗೆ ಮುಟ್ಟಿಸುವುದು?
*ಅಂಗಡಿ ಮಾಲೀಕರು, ಜೇವರ್ಗಿ*

ನಮ್ಮ ಕಡೆ ಹಳೇ ಊರುಗಳಲ್ಲಿ ಹುಡೇವು ಇವೆ, ಕಾವಲಿಗೆ ಕಟ್ಟಿದ ಬುರುಜು. ನಿಮ್ಮದು ಬಯಲು. ಮೂವತ್ತು ಅಡಿಯ ಹುಡೇವಿನ ಮೇಲೆ ನಿಂತರೆ 40 ಅಡಿಯ ರೋಬೋವಿನ ತಲೆ ಸುಮಾರು 23 ಕಿಲೋಮೀಟರ್ ದೂರದಿಂದ ಕಾಣಲು ಶುರುವಾಗುತ್ತದೆ, ಧೂಳಿಲ್ಲದಿದ್ದರೆ. ಅದಕ್ಕಿಂತ ಆಚೆ ಭೂಮಿಯ ಬಾಗು ಮರೆ ಮಾಡುತ್ತದೆ. ಹಗಲು ಕನ್ನಡಿಯ ಬೆಳಕು ಹೊಡೆಯಿರಿ, ರಾತ್ರಿ ಹಲಗೆ ಬಾರಿಸಿ. ರೋಬೋ ತಾಸಿಗೆ 20 ಕಿಲೋಮೀಟರ್ ನಡೆದರೆ ಊರಿನವರಿಗೆ ಒಂದು ತಾಸು ಸಿಗುತ್ತದೆ. ಆ ಒಂದು ತಾಸನ್ನು ಬಿಡಿಸಿ ಬಿಡಿಸಿ ಬರೆಯಿರಿ. ಯಾರು ಕಡಕ್ ರೊಟ್ಟಿಯ ಗಂಟು ಎತ್ತಿಕೊಂಡರು, ಯಾರು ಎಮ್ಮೆ ಬಿಚ್ಚಿದರು, ಯಾರು ಬರುವುದಿಲ್ಲ ಅಂತ ಕಟ್ಟೆ ಮೇಲೆ ಕೂತರು.

ನನ್ನ ಕತೆಯಲ್ಲಿ ನಮ್ಮವರು ಎಲ್ಲ ರೋಬೋಗಳನ್ನೂ ಸುಟ್ಟುಹಾಕುತ್ತಾರೆ. ನಮ್ಮ ಸರ್ ಓದಿ, ಇಷ್ಟು ಜನ ಅಷ್ಟು ದೊಡ್ಡವರನ್ನು ಗೆಲ್ಲಲು ಆಗಲ್ಲ ಅಂದರು.
*ಹತ್ತನೇ ತರಗತಿ, ಸುರಪುರ*

ಮಗಾ, ನಿನ್ನ ಊರಿನ ಹತ್ತಿರವೇ ಉತ್ತರ ಇದೆ. ಒಂದು ಭಾನುವಾರ ವಾಗಣಗೇರಾಕ್ಕೆ ಹೋಗಿ ಬಾ. 1705ರಲ್ಲಿ ಔರಂಗಜೇಬ ತಾನೇ ಬಂದು ಆ ಕೋಟೆಗೆ ಮುತ್ತಿಗೆ ಹಾಕಿದ. ಅವನಿಗೆ ಆಗ 86 ವರ್ಷ. ಅವತ್ತಿನ ಹಿಂದೂಸ್ತಾನದಲ್ಲಿ ಅವನಿಗಿಂತ ದೊಡ್ಡ ಸೈನ್ಯ ಇರಲಿಲ್ಲ. ಒಳಗಿದ್ದವನು ಬೇಡರ ಪಿಡ್ಡ ನಾಯಕ. ಫೆಬ್ರವರಿಯಿಂದ ಏಪ್ರಿಲ್ ಕೊನೆಯ ತನಕ ಕಾದಾಟ ನಡೆಯಿತು. ಕೊನೆಗೆ ಕೋಟೆ ಬಿತ್ತು. ಆದರೆ ಬಾದಶಹನ ಜನ ಒಳಗೆ ಹೋದಾಗ ನಾಯಕ ಅಲ್ಲಿ ಇರಲಿಲ್ಲ, ತನ್ನವರನ್ನು ಕಟ್ಟಿಕೊಂಡು ತಪ್ಪಿಸಿಕೊಂಡಿದ್ದ. ಔರಂಗಜೇಬ ತಾನೇ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. 1707ರಲ್ಲಿ ತೀರಿಕೊಂಡ. ನಾಯಕರ ಮನೆತನ ಸುರಪುರದಲ್ಲಿ ಆಳಿತು. 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿ ಬಿದ್ದ ರಾಜಾ ವೆಂಕಟಪ್ಪ ನಾಯಕ ಅದೇ ಮನೆತನದವನು.

ಹಾಗಾಗಿ ನಿಮ್ಮ ಸರ್ ಹೇಳಿದ್ದು ಅರ್ಧ ಸರಿ. ಎಲ್ಲವನ್ನೂ ಸುಡುವ ಪುಟ ಹರಿದುಹಾಕು. ರೋಬೋ ಊರು ಹಿಡಿಯಲಿ. ಒಳಗೆ ಹೊಕ್ಕು ನೋಡಿದರೆ ಒಲೆಯಲ್ಲಿ ಕೆಂಡ ಇನ್ನೂ ಬಿಸಿ ಇರಲಿ, ಜನ ಇರದಿರಲಿ.

ಅಕ್ಕಾ, ನಿಮ್ಮ ಪ್ರಶ್ನೆ ಓದಿ ನನ್ನ ಒಂಬತ್ತು ವರ್ಷದ ಮಗ ರಾತ್ರಿ ಮಲಗುತ್ತಿಲ್ಲ. ಆಕಾಶದಿಂದ ನಿಜವಾಗಲೂ ಬರುತ್ತಾವಾ ಅಂತ ಕೇಳುತ್ತಾನೆ. ಏನು ಹೇಳಲಿ?
*ಒಬ್ಬ ತಾಯಿ, ಕಲಬುರಗಿ*

ತಂಗಿ, ಮೊದಲು ನನ್ನನ್ನು ಕ್ಷಮಿಸು. ಸಣ್ಣ ಮಕ್ಕಳೂ ಈ ಅಂಕಣ ಓದುತ್ತಾರೆ ಅನ್ನುವುದನ್ನು ನಾನು ಯೋಚಿಸಬೇಕಿತ್ತು.

ಅವನಿಗೆ ದೂರದ ಲೆಕ್ಕ ಹೇಳು. ಸೂರ್ಯನನ್ನು ಬಿಟ್ಟರೆ ನಮಗೆ ಹತ್ತಿರದ ನಕ್ಷತ್ರದಿಂದ ಬೆಳಕು ಬರಲಿಕ್ಕೇ ನಾಲ್ಕು ವರ್ಷದ ಮೇಲೆ ಬೇಕು. 1977ರಲ್ಲಿ ಹಾರಿಸಿದ ವಾಯೇಜರ್ 1 ಅನ್ನುವ ಬಾಹ್ಯಾಕಾಶ ನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಓಡುತ್ತಿದೆ. ಅದೇ ವೇಗದಲ್ಲಿ ಅಷ್ಟು ದೂರ ಹೋಗಲು 70,000 ವರ್ಷ ದಾಟುತ್ತದೆ. ನಾಳೆ ನಾಡಿದ್ದು ಯಾರೂ ಬಂದು ಬಾಗಿಲು ಬಡಿಯುವುದಿಲ್ಲ.

ಇಷ್ಟಕ್ಕೆ ನಿದ್ದೆ ಬರದಿದ್ದರೆ ಮಾಳಿಗೆ ಮೇಲೆ ಕರೆದುಕೊಂಡು ಹೋಗಿ ಚಂದ್ರನನ್ನು ತೋರಿಸು. ಅಲ್ಲಿ ನಮ್ಮದೇ ಒಂದು ರೋಬೋ ಇದೆ, ಪ್ರಗ್ಯಾನ್. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯಿತಲ್ಲ, ಅದರ ಹೊಟ್ಟೆಯಿಂದ ಹೊರಬಂದದ್ದು. ತೂಕ 26 ಕಿಲೋ, ಅರ್ಧ ಚೀಲ ತೊಗರಿಯಷ್ಟು. ಆರು ಚಕ್ರ. ನೂರು ಮೀಟರಿನ ಆಸುಪಾಸು ಓಡಾಡಿ ಈಗ ಮಲಗಿದೆ. ಓಡಾಡುವಾಗ ಒಂದು ದಿನ ಎದುರಿಗೆ ನಾಲ್ಕು ಮೀಟರ್ ಅಗಲದ ಗುಂಡಿ ಬಂತು. ಇನ್ನೂ ಮೂರು ಮೀಟರ್ ದೂರ ಇರುವಾಗಲೇ ಇಲ್ಲಿಂದ ನಮ್ಮವರು ಹೇಳಿದರು, ಅದು ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿತು.

ಆ ಗುಂಡಿಯನ್ನೂ ಪ್ರಗ್ಯಾನನ್ನೂ ಚಿತ್ರ ಬರೆಯಲು ಹೇಳು. ಬರೆದದ್ದನ್ನು ನನಗೆ ಕಳಿಸು, ಮುಂದಿನ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಹಾಕುತ್ತೇವೆ.